ಪದ್ಮಿನಿಯ ಬಾಗಿಲಿಗೆ ನೀರು ಎಲ್ಲಿಂದ ಬಂತು?

ಜಯನಗರ, ಬನಶಂಕರಿಯ ಹಳೇ ರಸ್ತೆಗಳಲ್ಲಿ ಕವರ್ ಹೊದ್ದುಕೊಂಡು ನಿಂತಿರೋ ಕಾರುಗಳನ್ನ ನೀವೂ ನೋಡಿರ್ತೀರ. ಕವರ್ ಎತ್ತಿದ್ರೆ ಎಷ್ಟೋ ಸಲ ಅಂಬಾಸಿಡರ್ ಇಲ್ಲಾ ಪ್ರೀಮಿಯರ್ ಪದ್ಮಿನಿ ಸಿಗುತ್ತೆ. ಪದ್ಮಿನಿ ಮೂಲತಃ ಇಟಲಿಯ ಫಿಯಟ್ 1100. ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್ ಅದನ್ನು ಇಲ್ಲೇ ತಯಾರಿಸುತ್ತಿತ್ತು. 2001ರ ಹೊತ್ತಿಗೆ ತಯಾರಿಕೆ ನಿಂತೇಹೋಯ್ತು. ಅಂದ್ರೆ ಅತಿ ಕಿರಿಯ ಪದ್ಮಿನಿಯೂ ನಮಗಿಂತ ವಯಸ್ಸಿನಲ್ಲಿ ದೊಡ್ಡದು.

ಇಂಥ ಕಾರಿನ ಬಾಗಿಲಿನ ರಬ್ಬರ್ ಬೀಡಿಂಗ್ ಬದಲಿಸೋದು, ಬಣ್ಣ ಟಚ್ ಅಪ್ ಮಾಡೋದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇವೆ. ಎರಡನ್ನೂ ಒಟ್ಟಿಗೆ ಹೇಳೋಕೆ ಕಾರಣ ಇದೆ. ನಮ್ಮ ಗೆಳೆಯನ ತಾತನ ಪದ್ಮಿನಿ ಜಯನಗರದಲ್ಲಿ ಹೊಂಗೆ ಮರದ ಕೆಳಗೆ ನಿಲ್ಲುತ್ತೆ. ಅದರ ಎಡಬಾಗಿಲಿನ ತಳದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಎರಡು ಸಲ ಬಣ್ಣ ಹೊಡೆಸಿದ್ರೂ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. "ಇನ್ನೊಂದ್ ಮಳೆಗಾಲ ನೋಡ್ತೀನಿ ಕಣ್ರೋ, ಆಮೇಲೆ ಗುಜರಿಗೆ ಹಾಕ್ಬಿಡ್ತೀನಿ" ಅಂದಿದ್ರು ತಾತ. ಹಾಗಾಗಿ ಫೆಬ್ರವರಿಯಲ್ಲಿ ನಾವು ನಾಲ್ಕು ಜನ ಕೂತು ಮೊದಲು ಕೇಳಿಕೊಂಡ ಪ್ರಶ್ನೆ ಬಣ್ಣದ್ದಲ್ಲ, ನೀರಿನದ್ದು.

ಕಬ್ಬಿಣ ತುಕ್ಕಾಗೋಕೆ ನೀರು ಮತ್ತು ಆಮ್ಲಜನಕ ಎರಡೂ ಬೇಕು, ಇದು ಹೈಸ್ಕೂಲಿನ ಪಾಠ. ಅಲ್ಲಿ ಒತ್ತಿ ಹೇಳದ ವಿಷಯ ಏನಂದ್ರೆ, ತುಕ್ಕಾದ ಮೇಲೆ ಅದಕ್ಕೆ ಮೊದಲಿದ್ದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೇ ಬಣ್ಣ ಉಬ್ಬೋದು. ಬಾಗಿಲಿನ ತಳದಲ್ಲಿ ಗುಳ್ಳೆ ಎದ್ದಿದೆ ಅಂದ್ರೆ ಸಾಮಾನ್ಯವಾಗಿ ತಗಡು ಒಳಗಡೆಯಿಂದ ತಿಂದುಹೋಗಿರುತ್ತೆ. ಹೊರಗಡೆ ಎಷ್ಟು ಸಲ ಬಣ್ಣ ಬಳಿದರೂ ವ್ಯರ್ಥ.

ಇನ್ನೊಂದು ಮಾತು. ಕಿಟಕಿ ಗಾಜಿನ ಪಕ್ಕದಿಂದ ಒಂದಿಷ್ಟು ನೀರು ಬಾಗಿಲಿನೊಳಗೆ ಇಳಿಯೋದು ಸಹಜ. ಅದು ಹೊರಗೆ ಹೋಗಲಿ ಅಂತಲೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಹೊಂಗೆ ಎಲೆ, ಹೂವು, ಧೂಳು ಸೇರಿ ಅವು ಮುಚ್ಚಿಹೋದ್ರೆ ಬಾಗಿಲೇ ಬಕೆಟ್ ಆಗುತ್ತೆ. ತಂತಿ ಹಾಕಿ ಕೆದಕಿದಾಗ ನಮಗೆ ಸಿಕ್ಕಿದ್ದು ಒಂದು ಮುಷ್ಟಿ ಕಪ್ಪು ಮಣ್ಣು. ಖರ್ಚಿಲ್ಲದ ಕೆಲಸ, ಮೊದಲು ಇದನ್ನೇ ಮಾಡಿ.

ಆಮೇಲೆ ಬೀಡಿಂಗ್ ಪರೀಕ್ಷೆ. ಒಂದು ಉದ್ದನೆ ಕಾಗದದ ಚೂರನ್ನ ಬಾಗಿಲಿನ ಸಂದಿಗಿಟ್ಟು ಬಾಗಿಲು ಹಾಕಿ, ಮೆಲ್ಲಗೆ ಎಳೀರಿ. ಬಿಗಿಯಾಗಿ ಬಂದ್ರೆ ಸರಿ, ಸಲೀಸಾಗಿ ಜಾರಿದ್ರೆ ಅಲ್ಲಿ ರಬ್ಬರ್ ಸತ್ತಿದೆ. ಸುತ್ತಲೂ ಪ್ರತಿ ಒಂದು ಗೇಣಿಗೆ ಹೀಗೆ ನೋಡಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಕೊನೆಗೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಮೊದಲೇ ಮೇಲಿಂದ ಬಿಟ್ರೆ ಎಲ್ಲಾ ಕಡೆ ಒದ್ದೆಯಾಗಿ, ಯಾವ ಸಂದಿ ಸೋರುತ್ತೆ ಅಂತ ಗೊತ್ತಾಗೋದೇ ಇಲ್ಲ.

ರಬ್ಬರ್ ಯಾಕೆ ಸಾಯುತ್ತೆ? ನೈಸರ್ಗಿಕ ರಬ್ಬರಿನ ಅಣುಸರಪಳಿಯಲ್ಲಿ ಜೋಡಿಬಂಧಗಳಿವೆ, ಗಾಳಿಯ ಓಝೋನ್ ಅವನ್ನೇ ಕಡಿಯುತ್ತೆ. ಈಗಿನ ಬೀಡಿಂಗ್‌ಗೆ ಹೆಚ್ಚಾಗಿ ಬಳಸೋ ಇಪಿಡಿಎಂ ರಬ್ಬರಿನ ಮುಖ್ಯ ಸರಪಳಿಯಲ್ಲಿ ಜೋಡಿಬಂಧ ಇಲ್ಲ, ಅದಕ್ಕೇ ಬಿಸಿಲಿಗೆ ತಡೆಯುತ್ತೆ. ಆದ್ರೆ ಪೆಟ್ರೋಲ್, ಗ್ರೀಸ್ ತಾಗಿದ್ರೆ ಊದಿಕೊಳ್ಳುತ್ತೆ. ಹೊಳೆಯಲಿ ಅಂತ ಎಂಜಿನ್ ಆಯಿಲ್ ಸವರಬೇಡಿ, ಸಿಲಿಕೋನ್ ಸಾಕು.

ಬೀಡಿಂಗ್ ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಫೋಟೋ ತೋರಿಸಿ ತರಬೇಡಿ. ಹಳೆಯದರಲ್ಲಿ ಕೆಡದೇ ಇರೋ ಒಂದು ತುಂಡು ಕತ್ತರಿಸಿ ಒಯ್ಯಿರಿ, ಅಡ್ಡಕೊಯ್ತದ ಆಕಾರ ಹೋಲಿಸಿ. ದಪ್ಪ ಇದ್ದಷ್ಟೂ ಒಳ್ಳೇದು ಅನ್ನೋದು ಸುಳ್ಳು. ದಪ್ಪವಾದ್ರೆ ಬಾಗಿಲು ಲಾಕ್ ಆಗಲ್ಲ, ಜೋರಾಗಿ ಬಡಿದು ಬಡಿದು ಕೀಲು ಹಾಳಾಗುತ್ತೆ.

ತಂದ ತಕ್ಷಣ ಅಂಟಿಸೋಕೆ ಕೈ ತುರಿಸುತ್ತೆ. ತಡೀರಿ. ಹಳೇ ರಬ್ಬರ್ ಕಿತ್ತಾಗ ಅದರ ಕೆಳಗಿನ ತಗಡು ಮೊದಲ ಸಲ ಕಾಣೋದು, ತುಕ್ಕು ಅಡಗಿರೋದೂ ಅಲ್ಲೇ. ಬಣ್ಣದ ಕೆಲಸ ಈಗಲೇ ಆಗಬೇಕು. ತುಕ್ಕನ್ನು ಹೊಳೆಯೋ ಲೋಹ ಕಾಣೋವರೆಗೆ ಉಜ್ಜಿ. ಗುಂಡಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಕೈಗೆ ಗ್ಲೌಸ್ ಇರಲಿ. ಸುತ್ತಲಿನ ಹಳೇ ಬಣ್ಣದ ಅಂಚನ್ನು 400 ನಂಬರಿನ ವಾಟರ್ ಪೇಪರಿನಲ್ಲಿ ಇಳಿಜಾರಾಗಿಸಿ. ಉಗುರಿಗೆ ಮೆಟ್ಟಿಲು ಸಿಗಬಾರದು. ಆಮೇಲೆ ಪ್ರೈಮರ್, ಆಮೇಲೆ ಬಣ್ಣ, ಪ್ರತಿ ಕೋಟೂ ತೆಳ್ಳಗೆ, ನಡುವೆ ಒಣಗೋಕೆ ಬಿಟ್ಟು. ಬಾಗಿಲಿನ ಒಳಭಾಗಕ್ಕೂ ಪ್ರೈಮರ್ ಮರೀಬೇಡಿ, ರೋಗ ಶುರುವಾಗಿದ್ದೇ ಅಲ್ಲಿ.

ಬಣ್ಣ ಹೊಂದಿಸೋದು ನಿಜಕ್ಕೂ ಕಷ್ಟ. ಹಳೇ ಕಾರಿನ ಬಣ್ಣ ಬಿಸಿಲಿಗೆ ಮಾಸಿರುತ್ತೆ, ಕಂಪನಿಯ ಶೇಡ್ ಹೇಳಿ ತಂದ್ರೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಒಂದು ಅಂಗೈ ಅಗಲ ಜಾಗವನ್ನ ರಬ್ಬಿಂಗ್ ಕಾಂಪೌಂಡಿನಲ್ಲಿ ಉಜ್ಜಿ, ಅಲ್ಲಿ ಕಾಣೋ ಬಣ್ಣಕ್ಕೆ ಹೊಂದಿಸಿ. ಹೋಲಿಸೋದು ಹಗಲು ಬೆಳಕಿನಲ್ಲೇ ಆಗಬೇಕು, ಟ್ಯೂಬ್‌ಲೈಟ್ ಮೋಸ ಮಾಡುತ್ತೆ. ಹಾರ್ಡ್‌ನರ್ ಬೆರೆಸಿ ಸ್ಪ್ರೇ ಮಾಡೋ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತೆ, ಶ್ವಾಸಕೋಶಕ್ಕೆ ಅಪಾಯ. ಮನೆಯ ಪಾರ್ಕಿಂಗ್‌ನಲ್ಲಿ ಕರ್ಚೀಫ್ ಕಟ್ಟಿಕೊಂಡು ಮಾಡೋ ಕೆಲಸ ಅದಲ್ಲ. ನಾವು ಬ್ರಷ್‌ನಲ್ಲೇ ಮುಗಿಸಿದ್ವಿ.

ಬಣ್ಣ ಪೂರ್ತಿ ಒಣಗಿದ ಮೇಲೆ ಬೀಡಿಂಗ್. ರಬ್ಬರ್ ಸಲ್ಯೂಷನ್ ಎರಡೂ ಕಡೆ ಹಚ್ಚಿ, ಬೆರಳಿಗೆ ಜಿಗುಟು ಅನ್ನಿಸೋವರೆಗೆ ಕಾದು ಅಂಟಿಸಿ. ಮೂಲೆಗಳಲ್ಲಿ ಎಳೀಬೇಡಿ. ಎಳೆದ ರಬ್ಬರ್ ನಿಧಾನಕ್ಕೆ ಕುಗ್ಗಿ ಸಂದಿ ಬಿಡುತ್ತೆ, ಬದಲಿಗೆ ಸ್ವಲ್ಪ ಒಳಕ್ಕೆ ತಳ್ಳುತ್ತಾ ಹೋಗಿ. ಜಾಯಿಂಟ್ ಬಾಗಿಲಿನ ತಳಕ್ಕೆ ಬರಲಿ. ಮೊದಲ ಒಂದೆರಡು ವಾರ ಬಾಗಿಲು ಗಟ್ಟಿ ಅನ್ನಿಸುತ್ತೆ. ತಾತನೂ ಗೊಣಗಿದ್ರು, ಆಮೇಲೆ ರಬ್ಬರ್ ಕೂತುಕೊಳ್ತು.

ಮೇ ತಿಂಗಳ ಮೊದಲ ಜೋರು ಮಳೆಯ ಮಾರನೇ ದಿನ ಮ್ಯಾಟ್ ಎತ್ತಿ ನೋಡಿದ್ವಿ. ಬಾಗಿಲಿನ ಕಡೆ ಪೂರ್ತಿ ಒಣಗಿತ್ತು. ಮುಂದಿನ ತ್ರಿಕೋನ ಗಾಜಿನ ಮೂಲೆಯಲ್ಲಿ ಮಾತ್ರ ಇನ್ನೂ ಹನಿ ಇದೆ. ಅದರ ರಬ್ಬರ್ ಮೀಟರ್ ಲೆಕ್ಕದಲ್ಲಿ ಬರಲ್ಲ, ಅಚ್ಚಿನಲ್ಲಿ ಎರಕ ಹೊಯ್ದದ್ದೇ ಬೇಕು. ಹುಡುಕ್ತಾ ಇದ್ದೀವಿ. ಸೆಪ್ಟೆಂಬರ್‌ನ ದೊಡ್ಡ ಮಳೆಗೆ ಮುಂಚೆ ಸಿಗಬೇಕು. ಯಾರ ಮನೆ ಅಟ್ಟದಲ್ಲಾದ್ರೂ ಇದ್ರೆ ಕ್ಲಬ್‌ಗೆ ತಿಳಿಸಿ.