ನಂಬದವರೂ ಒಳ್ಳೆಯವರಾಗಿದ್ದರೆ, ನಾವು ಯಾಕೆ ನಂಬಬೇಕು?

ಧ್ಯಾನದ ವಾಕ್ಯಗಳು: ರೋಮಾಪುರದವರಿಗೆ 2:14-15, ಲೂಕ 19:1-10

 

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. "ಪಾಸ್ಟರ್, ನಮ್ಮ ಟೀಮ್ ಲೀಡ್ ದೇವರನ್ನೇ ನಂಬಲ್ಲ. ಆದ್ರೆ ಒಂದು ಸುಳ್ಳು ಬಿಲ್ ಹಾಕಲ್ಲ. ನಾನು ಭಾನುವಾರ ಕೈಯೆತ್ತಿ ಆರಾಧನೆ ಮಾಡ್ತೀನಿ, ಸೋಮವಾರ ಸುಳ್ಳು ಬಿಲ್ ಹಾಕ್ತೀನಿ. ನನ್ನ ನಂಬಿಕೆಯಿಂದ ಏನು ಪ್ರಯೋಜನ?" ಅಂದ. ಹೇಳ್ತಾ ಹೇಳ್ತಾ ಅವನ ಕಣ್ಣಲ್ಲಿ ನೀರು ಬಂತು.

ಪ್ರಿಯರೇ, ನಂಬದವರ ಒಳ್ಳೆಯತನ ಬರೀ ನಾಟಕ ಅಂತ ಹೇಳಿ ತಪ್ಪಿಸಿಕೊಳ್ಳಬೇಡಿ. ಅದು ನೆರೆಯವನ ಮೇಲೆ ಹೇಳುವ ಸುಳ್ಳುಸಾಕ್ಷಿ.

ನಮ್ಮ ಬೆಂಗಳೂರಲ್ಲೇ ಡಾ. ಎಚ್. ನರಸಿಂಹಯ್ಯನವರು ಇದ್ದರು. ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ, ವಿಚಾರವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸೋಕೆ ಒಂದು ಸಮಿತಿಯನ್ನೇ ಮಾಡಿದರು. ಪವಾಡಕ್ಕಾಗಿ ಪ್ರಾರ್ಥಿಸುವ ನಮಗೆ ಅದು ಸ್ವಲ್ಪ ಚುಚ್ಚಬಹುದು. ಆದರೆ ಆ ಮನುಷ್ಯ ಮದುವೆಯಾಗದೆ, ಖಾದಿ ಉಟ್ಟು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದರು. ವಿದ್ಯಾರ್ಥಿಗಳಿಗಾಗಿ ಜೀವ ಸವೆಸಿದರು. ಅವರ ಶಿಸ್ತು ಯಾವ ಪವಾಡದ ಮೇಲೂ ನಿಂತಿರಲಿಲ್ಲ.

ಇದನ್ನು ಕೇಳಿ ಪೌಲನಿಗೆ ಆಶ್ಚರ್ಯ ಆಗ್ತಿರಲಿಲ್ಲ. ಧರ್ಮಶಾಸ್ತ್ರ ಕೈಯಲ್ಲಿ ಇಲ್ಲದವರ ಹೃದಯದಲ್ಲೂ ಅದರ ಬರಹ ಇದೆ, ಅವರ ಮನಸ್ಸಾಕ್ಷಿ ಮಾತಾಡುತ್ತದೆ ಅಂತ ಅವನೇ ಬರೆದಿದ್ದಾನೆ. ಆ ಟೀಮ್ ಲೀಡ್‌ನ ಪ್ರಾಮಾಣಿಕತೆ ನಮ್ಮ ನಂಬಿಕೆಗೆ ಶತ್ರು ಅಲ್ಲ. ಅದೂ ಸೃಷ್ಟಿಕರ್ತನ ಕೈಬರಹವೇ. ಅದಕ್ಕೆ ಸ್ತೋತ್ರ ಹೇಳಿ, ಅವರಿಂದ ಕಲಿಯಿರಿ.

ಹಾಗಾದ್ರೆ ಯೇಸು ಯಾಕೆ ಬೇಕು? ಜಕ್ಕಾಯನನ್ನು ನೋಡಿ. ಯೆರಿಕೋವಿನ ಸುಂಕದವರ ಮುಖ್ಯಸ್ಥ. ಮೋಸ ತಪ್ಪು ಅಂತ ಅವನಿಗೆ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಯೇಸು ಅವನಿಗೆ ಹೊಸ ನಿಯಮ ಏನೂ ಕೊಡಲಿಲ್ಲ. ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದರು, ಅವನ ಮನೆಗೆ ಹೋದರು. ಊರವರು ಗೊಣಗಿದರು. ಆದರೆ ಜಕ್ಕಾಯ ಎದ್ದು ನಿಂತು, ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂದ.

ಸೇವೆಗೆ ಬರುವ ಮುಂಚೆ ನಾನೂ ಒಂದು ಆಫೀಸಲ್ಲಿದ್ದೆ. ಆಟೋ ಬಿಲ್ ಹೆಚ್ಚು ಬರೆದು ದುಡ್ಡು ತಗೊಂಡಿದ್ದೆ. ತಪ್ಪು ಅಂತ ಮೊದಲ ದಿನವೇ ಗೊತ್ತಿತ್ತು. ಆದರೆ ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ. ಕರ್ತನು ನನ್ನನ್ನು ತಳ್ಳಿಹಾಕಲ್ಲ ಅಂತ ತಿಳಿದ ರಾತ್ರಿ ಆ ಭಯ ಸಡಿಲವಾಯಿತು. ಬೆಳಿಗ್ಗೆ ಹೋಗಿ ಹೇಳಿದೆ, ದುಡ್ಡು ಕಟ್ಟಿದೆ. ನಂಬದವರೂ ತಪ್ಪು ತಿದ್ದಿಕೊಳ್ತಾರೆ, ಇಲ್ಲ ಅನ್ನಲ್ಲ. ನಾನು ಹೇಳೋದು ನನ್ನ ಸಾಕ್ಷಿ: ದಾರಿ ನನಗೆ ಗೊತ್ತಿತ್ತು, ನಡೆಯೋಕೆ ಬಲ ಕೊಟ್ಟದ್ದು ಕೃಪೆ.

ನಂಬಿಕೆ ಅಂದ್ರೆ ನಾನು ಬೇರೆಯವರಿಗಿಂತ ಒಳ್ಳೆಯವನು ಅನ್ನೋ ಸರ್ಟಿಫಿಕೇಟ್ ಅಲ್ಲ. ನನ್ನ ಪೂರ್ತಿ ಕಥೆ ಗೊತ್ತಿದ್ದೂ ನನ್ನ ಮನೆಗೆ ಬಂದವರ ಜೊತೆ ಬದುಕೋದು. ನನ್ನ ಬದುಕಿಗೆ ಅರ್ಥ ಸಿಕ್ಕಿದ್ದು ಅಲ್ಲೇ.

ಈ ವಾರ ಎರಡು ಕೆಲಸ ಮಾಡಿ. ದೇವರನ್ನು ನಂಬದ ಒಬ್ಬರಲ್ಲಿ ನೀವು ಕಂಡ ಒಳ್ಳೆಯತನವನ್ನು ಅವರಿಗೇ ಹೇಳಿ, ಉಪದೇಶ ಸೇರಿಸಬೇಡಿ. ನೀವು ಮುಚ್ಚಿಟ್ಟ ಒಂದು ತಪ್ಪನ್ನು ಸರಿಮಾಡಿ.

ಪ್ರಾರ್ಥಿಸೋಣ. ಕರ್ತನೇ, ನಿನ್ನ ಕೈಬರಹವನ್ನು ಎಲ್ಲರಲ್ಲೂ ನೋಡುವ ಕಣ್ಣು ಕೊಡು. ಗೊತ್ತಿರುವ ಒಳ್ಳೆಯದನ್ನು ಮಾಡೋಕೆ ಪವಿತ್ರಾತ್ಮನ ಬಲ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.