ಅಕ್ಕ ಬರುವ ಮುಂಚೆ ಒಂದು ಕೆಲಸ

ನೋಡಪ್ಪ, ಮುಂದಿನ ತಿಂಗಳು ನಿಮ್ಮಕ್ಕ ಸಂಸಾರ ಸಮೇತ ನ್ಯೂಜೆರ್ಸಿಯಿಂದ ಬರ್ತಾಳೆ ಅಂತ ನಿಮ್ಮಮ್ಮ ಹೇಳಿದರು. ಮನೆಗೆ ಸುಣ್ಣಬಣ್ಣ ಆಯಿತು, ಹಪ್ಪಳ ಸಂಡಿಗೆ ಆಯಿತು, ವಸಂತ ವಲ್ಲಭರಾಯ ಸ್ವಾಮಿಗೆ ಪೂಜೆ ಮಾಡಿಸುವ ದಿನವೂ ಗೊತ್ತಾಯಿತು. ಒಂದು ಕೆಲಸದ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬರುವವರಲ್ಲಿ ಯಾರ ಹತ್ತಿರವೂ ಭಾರತದ ಪಾಸ್‌ಪೋರ್ಟ್ ಇಲ್ಲ. ಅಕ್ಕ ಮತ್ತು ಮಕ್ಕಳು ಅಮೆರಿಕದ ಪೌರರು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದೆ. ಭಾವ ಅಲ್ಲೇ ಹುಟ್ಟಿ ಬೆಳೆದವರು, ಇ-ಟೂರಿಸ್ಟ್ ವೀಸಾ ಮೇಲೆ ಬರುತ್ತಿದ್ದಾರೆ. ಅವರು ನಿಮ್ಮ ಮನೆಗೆ ಕಾಲಿಟ್ಟ 24 ಗಂಟೆಯೊಳಗೆ ಆ ವಿಷಯ ಸರ್ಕಾರಕ್ಕೆ ತಿಳಿಯಬೇಕು, ತಿಳಿಸಬೇಕಾದ ಹೊಣೆ ಮನೆಯವನಾದ ನಿನ್ನದು. ಅದಕ್ಕೇ ಫಾರ್ಮ್ ಸಿ ಅನ್ನುವುದು.

ಅದೆಲ್ಲ ಹೋಟೆಲ್‌ನವರಿಗೆ, ಮನೆಗೆ ಬರುವ ನೆಂಟರಿಗಲ್ಲ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಹೋಟೆಲ್, ಧರ್ಮಶಾಲೆ, ಆಶ್ರಮ, ಹಾಸ್ಟೆಲ್, ಹೋಂಸ್ಟೇ, ಸ್ವಂತ ಮನೆ, ಎಲ್ಲಿ ತಂಗಿದರೂ ತಂಗಲು ಜಾಗ ಕೊಟ್ಟವರೇ ತಿಳಿಸಬೇಕು. ಬ್ರಿಟಿಷರು ಹೋಗುವ ಮೊದಲೇ ಬಂದ 1946ರ ವಿದೇಶಿಯರ ಕಾಯಿದೆಯಲ್ಲೇ ಈ ಹೊಣೆಯ ಬೇರು ಇದೆ, 24 ಗಂಟೆಯ ಗಡುವು 1992ರ ನೋಂದಣಿ ನಿಯಮಗಳಲ್ಲಿತ್ತು. ಈಗ ಅವೆಲ್ಲ ಹಳೆಯವಾದವು. 2025ರಲ್ಲಿ ಸಂಸತ್ತು ಹೊಸ ವಲಸೆ ಮತ್ತು ವಿದೇಶಿಯರ ಕಾಯಿದೆ ಮಾಡಿತು, ಅದು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು 1920, 1939, 1946 ಮತ್ತು 2000ರ ನಾಲ್ಕು ಕಾಯಿದೆಗಳನ್ನು ರದ್ದು ಮಾಡಿತು. ತಂಗಲು ಜಾಗ ಕೊಡುವವರ ಹೊಣೆ ಹೊಸ ಕಾಯಿದೆಯಲ್ಲೂ ಹಾಗೇ ಉಳಿದಿದೆ. ಆಸ್ಪತ್ರೆಗಳೂ ವಿಶ್ವವಿದ್ಯಾಲಯಗಳೂ ತಮ್ಮಲ್ಲಿರುವ ವಿದೇಶಿಯರ ವಿವರ ಕೊಡಬೇಕು. ಜನರ ಬಾಯಲ್ಲಿ ಫಾರ್ಮ್ ಸಿ ಅನ್ನುವ ಹೆಸರೇ ನಿಂತಿದೆ. ಕಂಪ್ಯೂಟರ್‌ನಲ್ಲಿ ಬೇರೆ ಹೆಸರು ಕಂಡರೆ ಗಾಬರಿಯಾಗಬೇಡ.

ಮಾಡುವ ರೀತಿ ಕಷ್ಟದ್ದಲ್ಲ, ಆದರೆ ಮೊದಲ ಹೆಜ್ಜೆಯನ್ನು ಇವತ್ತೇ ಇಡು. ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ, ಅಂದರೆ ಎಫ್‌ಆರ್‌ಆರ್‌ಒ ವೆಬ್‌ಸೈಟಿನಲ್ಲಿ ಮನೆಯ ಮಾಲೀಕನಾಗಿ ನಿನ್ನ ಹೆಸರಲ್ಲಿ ಒಂದು ಖಾತೆ ತೆರೆಯಬೇಕು, ಅದಕ್ಕೆ ಕಚೇರಿಯಿಂದ ಒಪ್ಪಿಗೆ ಸಿಗಬೇಕು. ಅಕ್ಕ ವಿಮಾನ ಇಳಿದ ಮೇಲೆ ಖಾತೆ ತೆರೆಯಲು ಕೂತರೆ 24 ಗಂಟೆ ಒಪ್ಪಿಗೆ ಕಾಯುವುದರಲ್ಲೇ ಕಳೆದುಹೋಗುತ್ತದೆ. ಖಾತೆ ಸಿದ್ಧವಿದ್ದರೆ ಆಮೇಲಿನದು ಸಲೀಸು: ಪಾಸ್‌ಪೋರ್ಟ್ ನಂಬರು, ವೀಸಾ ವಿವರ, ಭಾರತಕ್ಕೆ ಬಂದ ದಿನ, ನಿಮ್ಮ ಮನೆಗೆ ಬಂದ ದಿನ ಮತ್ತು ಹೊತ್ತು, ಎಷ್ಟು ದಿನ ಇರುತ್ತಾರೆ, ಮುಂದೆ ಎಲ್ಲಿಗೆ ಹೋಗುತ್ತಾರೆ, ಒಂದು ಫೋಟೊ. ಭಾವನ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ಈಗಲೇ ವಾಟ್ಸಾಪ್‌ನಲ್ಲಿ ತರಿಸಿಟ್ಟುಕೋ. ಅವರ ವಿಮಾನ ದೇವನಹಳ್ಳಿಗೆ ಬರುವುದೇ ನಡುರಾತ್ರಿ. ನಿದ್ದೆಗೆಟ್ಟು ಬಂದವರನ್ನು ಕೂರಿಸಿಕೊಂಡು ನಂಬರು ಕೇಳುವುದು ಯಾರಿಗೂ ಹಿತವಲ್ಲ. ಇದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡ.

ಅಕ್ಕನಿಗೆ ಓಸಿಐ ಇದೆಯಲ್ಲ, ಅವಳದ್ದೂ ಯಾಕೆ ಅಂತ ಕೇಳುತ್ತೀಯ. ಓಸಿಐ ಕಾರ್ಡ್ ಇದ್ದವರು ಎಷ್ಟು ದಿನ ಉಳಿದರೂ ಎಫ್‌ಆರ್‌ಆರ್‌ಒ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಿಲ್ಲ, ಅದು ನಿಜ. ಆದರೆ ಆ ಕಾರ್ಡ್ ಪೌರತ್ವ ಕೊಡುವುದಿಲ್ಲ. ನಮಗೆ ಮನೆಮಗಳಾದರೂ ಕಾನೂನಿಗೆ ಅವಳು ವಿದೇಶಿಯಳೇ. ಅವಳ ಮತ್ತು ಮಕ್ಕಳ ವಿವರವನ್ನೂ ಸೇರಿಸಿಯೇ ಕಳಿಸು. ಇನ್ನೊಂದು ವಿಷಯವನ್ನು ಅವಳಿಗೆ ನೀನೇ ತಿಳಿಸು. ಮುಂದೆ ಯಾವಾಗಲಾದರೂ ಬೆಂಗಳೂರಿಗೇ ಬಂದು ನೆಲೆಸಿದರೆ, 2021ರ ಅಧಿಸೂಚನೆ ಪ್ರಕಾರ, ಇಲ್ಲಿ ವಾಸವಾಗಿರುವ ಓಸಿಐದಾರರು ಕಾಯಂ ವಿಳಾಸವೋ ಉದ್ಯೋಗವೋ ಬದಲಾದಾಗೆಲ್ಲ ಎಫ್‌ಆರ್‌ಆರ್‌ಒಗೆ ಇಮೇಲ್ ಮಾಡಿ ತಿಳಿಸಬೇಕು.

ಇನ್ನು ನೀವು ಹಾಕಿಕೊಂಡಿರುವ ಪ್ರವಾಸ. ನಮ್ಮ ಜನ ಎಡವುವುದು ಇಲ್ಲೇ. ಬೆಂಗಳೂರಿನ ನಮ್ಮ ವಸಂತಪುರದಲ್ಲಿ ಒಂದು ಸಲ ತುಂಬಿದ ಫಾರ್ಮು ಕರ್ನಾಟಕಕ್ಕೆಲ್ಲ ಸಾಕು ಅಂದುಕೊಳ್ಳುತ್ತಾರೆ. ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಎರಡು ರಾತ್ರಿ ಉಳಿದರೆ ಅಲ್ಲಿ ತಿಳಿಸಬೇಕಾದವರು ಚಿಕ್ಕಮ್ಮನ ಮನೆಯವರು. ಎಫ್‌ಆರ್‌ಆರ್‌ಒ ಇಲ್ಲದ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ. ಚಿಕ್ಕಪ್ಪನಿಗೆ ಕಂಪ್ಯೂಟರ್ ಒಗ್ಗುವುದಿಲ್ಲ, ಹಾಗಾಗಿ ಅವರ ಖಾತೆಯನ್ನೂ ನೀನೇ ಮೊದಲೇ ತೆರೆಸಿಕೊಡು. ಹಂಪಿಯ ಹೋಂಸ್ಟೇ ಬುಕ್ ಮಾಡುವಾಗ, ಬರುವವರು ವಿದೇಶಿ ಪಾಸ್‌ಪೋರ್ಟಿನವರು, ಫಾರ್ಮ್ ಸಿ ಹಾಕುತ್ತೀರಾ ಅಂತ ಫೋನಿನಲ್ಲೇ ಕೇಳು. ಅದೆಲ್ಲ ಬೇಡ ಸಾರ್, ಯಾರು ನೋಡ್ತಾರೆ ಅನ್ನುವ ಕಡೆ ಉಳಿಯಬೇಡಿ. ತಿರುಗಾಡಿ ವಸಂತಪುರಕ್ಕೆ ವಾಪಸ್ ಬಂದಾಗ ಮತ್ತೆ ಹೊಸದಾಗಿ ತಿಳಿಸು, ಇಲ್ಲಿಂದ ಹೊರಟ ದಿನವನ್ನೂ ನಮೂದಿಸು.

ಬೈಲಕುಪ್ಪೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಿರಿಯಾಪಟ್ಟಣದ ಹತ್ತಿರದ ಟಿಬೆಟನ್ ವಸತಿಯಲ್ಲಿ ಮೂರು ದಿನ ಉಳಿದು ಧ್ಯಾನ ಕಲಿಯುವ ಆಸೆ ಭಾವನಿಗಿದೆ ಅಂತ ಕೇಳಿದೆ. ಒಳ್ಳೆಯ ಆಸೆ. ಆದರೆ ವಿದೇಶಿಯರು ಆ ವಸತಿಯೊಳಗೆ ತಂಗಬೇಕಾದರೆ ಕೇಂದ್ರ ಗೃಹ ಇಲಾಖೆಯ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಮುಂಡಗೋಡಿನ ವಸತಿಗೂ ಅಷ್ಟೇ. ಇ-ವೀಸಾ ಇದೆ ಅಂದರೆ ನಡೆಯುವುದಿಲ್ಲ, ಆ ವೀಸಾ ಸಂರಕ್ಷಿತ ಪ್ರದೇಶಗಳಿಗೆ ಸಲ್ಲುವುದೇ ಇಲ್ಲ. ಓಸಿಐ ಕಾರ್ಡ್ ಇರುವ ಅಕ್ಕನೂ ಅನುಮತಿ ಪಡೆಯಬೇಕು. ಈ ಪರವಾನಗಿ ಎರಡು ಮೂರು ದಿನದಲ್ಲಿ ಕೈಗೆ ಬರುವಂಥದ್ದಲ್ಲ. ಈ ಸಲ ಅಲ್ಲಿ ತಂಗುವುದನ್ನು ಬಿಟ್ಟು ರಾತ್ರಿಯ ವಸತಿಯನ್ನು ಮೈಸೂರಿಗೋ ಕುಶಾಲನಗರಕ್ಕೋ ಇಟ್ಟುಕೊಳ್ಳಿ.

ಮನೆಗೆ ಬಂದ ಅಳಿಯನ ಬಗ್ಗೆ ಪೊಲೀಸರಿಗೆ ಹೇಳುವುದೇ ಅಂತ ನಿಮ್ಮಮ್ಮ ನೊಂದುಕೊಳ್ಳಬಹುದು. ಅವರಿಗೆ ಸಮಾಧಾನ ಹೇಳು. ಅಕ್ಕ ಪೌರತ್ವ ಸಿಗುವ ಮೊದಲು ಅಷ್ಟು ವರ್ಷ ಅಮೆರಿಕದಲ್ಲಿದ್ದಳಲ್ಲ, ಆಗ ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ಹತ್ತು ದಿನದೊಳಗೆ ಎಆರ್-11 ಅನ್ನುವ ಫಾರ್ಮ್ ತುಂಬಿ ಅಲ್ಲಿನ ಸರ್ಕಾರಕ್ಕೆ ಹೊಸ ವಿಳಾಸ ತಿಳಿಸಬೇಕಿತ್ತು. ಅಲ್ಲಿ ಅವಳಿಗೆ ಅವಮಾನವಾಗದ್ದು ಇಲ್ಲಿ ಭಾವನಿಗೂ ಆಗುವುದಿಲ್ಲ. ಪರಸ್ಥಳದಲ್ಲಿ ಇರುವವರಿಗೆ ಪಾಸ್‌ಪೋರ್ಟ್ ಕಳೆದುಹೋಯಿತು, ಮೈ ಹುಷಾರಿಲ್ಲದೆ ವಾಪಸಿನ ದಿನ ಮುಂದಕ್ಕೆ ಹೋಯಿತು ಅಂತಾದಾಗ, ಎಲ್ಲಿ ಎಷ್ಟು ದಿನ ಇದ್ದರು ಅನ್ನುವ ದಾಖಲೆಯೇ ಆಸರೆಯಾಗುತ್ತದೆ.

ನಿನ್ನ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗನ ಬಗ್ಗೆ ನನಗೆ ಇನ್ನೂ ಹೆಚ್ಚು ಕಾಳಜಿ. ಕುಮಾರಸ್ವಾಮಿ ಬಡಾವಣೆಯ ಕಾಲೇಜಿಗೆ ಆಫ್ರಿಕಾದಿಂದ ಓದಲು ಬಂದವನು. ಅಕ್ಕನಿಗೆ ನೀವೆಲ್ಲ ಇದ್ದೀರಿ, ಅವನಿಗೆ ಈ ಊರಿನಲ್ಲಿ ಯಾರೂ ಇಲ್ಲ. 180 ದಿನಕ್ಕೂ ಹೆಚ್ಚಿನ ವಿದ್ಯಾರ್ಥಿ ವೀಸಾದವರು ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಮಾಡಿಸಬೇಕು. 2018ರಿಂದ ಅದು ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲೇ ಆಗುತ್ತದೆ, ಕರೆದರೆ ಮಾತ್ರ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಕಚೇರಿಗೆ ಹೋಗಬೇಕು. ನೋಂದಣಿಗೆ ಅವನು ವಿಳಾಸದ ಪುರಾವೆ ತೋರಿಸಬೇಕು, ಆ ಪುರಾವೆ ಇರುವುದು ನಿನ್ನ ಕೈಯಲ್ಲಿ. ಮುಂಗಡವನ್ನೂ ತಿಂಗಳ ಬಾಡಿಗೆಯನ್ನೂ ತೆಗೆದುಕೊಂಡು ಕರಾರು ಬರೆದುಕೊಡಲು ಸತಾಯಿಸುವ ಮಾಲೀಕರನ್ನು ನಮ್ಮ ರಸ್ತೆಯಲ್ಲೇ ನೋಡಿದ್ದೇನೆ. ಅಂಥ ಕಡೆ ಓದಲು ಬಂದ ಮಕ್ಕಳು ವೀಸಾ ವಿಸ್ತರಣೆಯ ಹೊತ್ತಿಗೆ ಕಣ್ಣೀರು ಹಾಕುತ್ತಾರೆ. ಠಾಣೆಗೆ ಬಾಡಿಗೆದಾರರ ವಿವರ ಕೊಟ್ಟಾಗಿದೆ ಅಂತ ಸುಮ್ಮನಿರಬೇಡ, ಅದು ಬೇರೆ, ಫಾರ್ಮ್ ಸಿ ಬೇರೆ.

ರಜೆಯಲ್ಲಿ ಅವನು ಹುಬ್ಬಳ್ಳಿಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಾನಂತೆ. ಎಂಟು ವಾರಕ್ಕಿಂತ ಹೆಚ್ಚು ಕಾಲ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿನ ನೋಂದಣಿ ಅಧಿಕಾರಿಗೆ ತಿಳಿಸಬೇಕು ಅಂತ 1992ರ ನಿಯಮಗಳ ಕಾಲದಿಂದ ನಡೆದುಬಂದ ಪದ್ಧತಿ. ಎಷ್ಟೇ ವಾರವಾಗಲಿ, ಹೋಗುವ ಮತ್ತು ಬರುವ ದಿನವನ್ನು ಹೊರಡುವ ಮೊದಲೇ ಪೋರ್ಟಲ್‌ನಲ್ಲಿ ತಿಳಿಸಿ ಹೋಗಲು ಹೇಳು. ಕರಾರಿನ ಪ್ರತಿ, ಕರೆಂಟ್ ಬಿಲ್ಲು, ಫಾರ್ಮ್ ಸಿ ಪ್ರಿಂಟು ಮೂರನ್ನೂ ಒಂದು ಕವರಿನಲ್ಲಿ ಹಾಕಿ ಅವನ ಕೈಗೆ ಕೊಡು. ಕರಾರು ಇನ್ನೂ ಆಗಿಲ್ಲವಾದರೆ ನಾಳೆಯೇ ಛಾಪಾ ಕಾಗದ ತಂದು ಬರೆಸು, ಸಾಕ್ಷಿಗೆ ನಾನು ಸಹಿ ಹಾಕುತ್ತೇನೆ.