ಕೋಚ್ ಹುಡುಕುವ ಮೊದಲು

ತಂಡ ಸೋಲತೊಡಗಿದರೆ ಎಲ್ಲರ ಕಣ್ಣೂ ಕೋಚ್ ಮೇಲೆ ಬೀಳುತ್ತದೆ. ಸೀಸನ್ ನಡುವೆ ಆಟಗಾರರನ್ನೆಲ್ಲ ಬದಲಿಸಲಾಗದು, ಮಾಲೀಕರು ಬದಲಾಗುವ ಮಾತೇ ಇಲ್ಲ. ಕೈಗೆ ಸಿಗುವವರು ಒಬ್ಬರೇ. ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ಸಂಬಳ ಕೊಟ್ಟು ಆಡಿಸುವ ಒಂದು ಚಿಕ್ಕ ಕ್ಲಬ್ಬಿಗೆ ನಾನು ಹಲವು ವರ್ಷ ಟೀಮ್ ಮ್ಯಾನೇಜರ್ ಆಗಿದ್ದೆ. ಕಿಟ್ಟು, ಊಟ, ರಿಜಿಸ್ಟ್ರೇಷನ್ ಕಾಗದ, ಗಾಯವಾದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಕೆಲಸ. ಹೀಗಾಗಿ ಕೋಚ್‌ಗಳು ಬರುವುದನ್ನೂ ಹೋಗುವುದನ್ನೂ ತೀರಾ ಹತ್ತಿರದಿಂದ ಕಂಡಿದ್ದೇನೆ. ಸರಿಯಾದ ನಾಯಕತ್ವ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಆ ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ.

ನಮ್ಮ ಸಮಿತಿ ಪ್ರತಿ ಸಲವೂ, ಹೋದವರಿಗೆ ತದ್ವಿರುದ್ಧ ಸ್ವಭಾವದವರನ್ನು ಹುಡುಕುತ್ತಿತ್ತು. ಮೆದು ಮಾತಿನವರು ಸೋತರೆ ಗದರಿಸುವವರು ಬೇಕು. ಗದರಿಸುವವರು ಸೋತರೆ ಹುಡುಗರ ಹೆಗಲ ಮೇಲೆ ಕೈಹಾಕುವವರು ಬೇಕು. ಬಂದವರೆಲ್ಲ ಲೈಸೆನ್ಸ್ ಪಡೆದವರೇ, ಆಟ ಬಲ್ಲವರೇ. ಆದರೆ ಯಾರು ಬಂದರೂ ನಾವು ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಗೋಲು ಬಿಟ್ಟುಕೊಡುವುದು ಮಾತ್ರ ನಿಲ್ಲಲಿಲ್ಲ. ಒಬ್ಬರು ಅದನ್ನು ಫಿಟ್‌ನೆಸ್ ಕೊರತೆ ಎಂದರು, ಮತ್ತೊಬ್ಬರು ಏಕಾಗ್ರತೆ ಇಲ್ಲ ಎಂದರು, ಮೂರನೆಯವರು ಫಾರ್ಮೇಷನ್ನೇ ಬದಲಿಸಿದರು. ರೋಗ ಯಾವುದೆಂದು ತಿಳಿಯದೆ ವೈದ್ಯರನ್ನು ಬದಲಿಸುತ್ತಾ ಹೋದಂತಾಯಿತು.

ಕಾರಣ ತಿಳಿದದ್ದು, ಕೆಲಸ ಬಿಟ್ಟು ಹೊರಟಿದ್ದ ಕೋಚ್ ಒಬ್ಬರನ್ನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಪಕ್ಕ ಟೀ ಕುಡಿಯಲು ಕರೆದೊಯ್ದಾಗ. 'ಸರ್, ಇನ್ನು ನೀವು ಯಾರಿಗೂ ಹೆದರಬೇಕಿಲ್ಲ, ಹೇಳಿ' ಎಂದೆ. ಅವರು ಹೇಳಿದ್ದರಲ್ಲಿ ಆಟದ ವಿಷಯ ಕಡಿಮೆ. ಮೂವರು ಹುಡುಗರು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬೆಳಗಿನ ಪ್ರಾಕ್ಟೀಸ್‌ಗೆ ಬರುತ್ತಿದ್ದರು. ಸಂಬಳ ತಡವಾದ ತಿಂಗಳಲ್ಲಿ ಹಿರಿಯರಿಬ್ಬರಿಗೆ ಮಾತ್ರ ಹಣ ಸಂದಾಯವಾಗಿ, ಉಳಿದವರು ಅವರೊಂದಿಗೆ ಮಾತು ಬಿಟ್ಟಿದ್ದರು. ಲೆಫ್ಟ್ ಬ್ಯಾಕ್ ಮಂಡಿನೋವು ಮುಚ್ಚಿಟ್ಟು ಆಡುತ್ತಿದ್ದ. ಇವುಗಳಲ್ಲಿ ಒಂದೂ ಸಮಿತಿಯ ಸಭೆಯಲ್ಲಿ ಬಂದಿರಲಿಲ್ಲ. ಅಲ್ಲಿಂದಾಚೆಗೆ ಹೋಗುವ ಕೋಚ್ ಜೊತೆ ಕೂತು ಮಾತನಾಡದೆ ಹೊಸಬರ ಹುಡುಕಾಟ ಆರಂಭಿಸಬಾರದು ಎಂದು ನಾನು ಹಟ ಹಿಡಿಯತೊಡಗಿದೆ. ಸೋತು ಹೊರಟವರಿಗೆ ತಂಡದ ಬಗ್ಗೆ ಗೊತ್ತಿರುವಷ್ಟು ಬೇರಾರಿಗೂ ಗೊತ್ತಿರುವುದಿಲ್ಲ. ಆದರೆ ಆ ಹೊತ್ತಿಗೆ ಅವರನ್ನು ಯಾರೂ ಮಾತನಾಡಿಸುವುದಿಲ್ಲ.

ದೊಡ್ಡ ಕ್ಲಬ್‌ಗಳ ಕಥೆಯನ್ನೂ ನಾನು ಇದೇ ಕಣ್ಣಿನಿಂದ ಓದುತ್ತೇನೆ. ಜರ್ಮನಿಯ ಬೇಯರ್ ಲೆವರ್‌ಕುಸೆನ್ 2022ರ ಅಕ್ಟೋಬರ್‌ನಲ್ಲಿ ಎಂಟು ಪಂದ್ಯಗಳಿಂದ ಐದೇ ಅಂಕ ಗಳಿಸಿ, ಬುಂಡೆಸ್‌ಲೀಗಾದ ಹದಿನೆಂಟು ತಂಡಗಳಲ್ಲಿ 17ನೆಯ ಸ್ಥಾನಕ್ಕೆ ಇಳಿದಿತ್ತು. ಅಂಥ ಹೊತ್ತಿನಲ್ಲಿ ತಂಡಗಳು ಸಾಮಾನ್ಯವಾಗಿ ಹುಡುಕುವುದು, ಮುಳುಗುತ್ತಿರುವವರನ್ನು ಈ ಹಿಂದೆ ದಡ ಸೇರಿಸಿದ ಹಳಬರನ್ನು. ಲೆವರ್‌ಕುಸೆನ್ ಕರೆದದ್ದು ಶಾಬಿ ಅಲೊನ್ಸೊ ಅವರನ್ನು. ಆಟಗಾರರಾಗಿ ಅವರು ವಿಶ್ವಕಪ್ ಗೆದ್ದವರು, ನಿಜ. ಆದರೆ ಹಿರಿಯರ ತಂಡದ ಕೋಚ್ ಆಗಿ ಅವರು ನಡೆಸಿದ್ದು ರಿಯಲ್ ಸೊಸಿಯೆದಾದ್‌ನ ಎರಡನೆಯ ತಂಡವನ್ನು ಮಾತ್ರ, ಅದೂ 2022ರಲ್ಲಿ ಕೆಳ ಡಿವಿಷನ್ನಿಗೆ ಇಳಿದಿತ್ತು. ಫಲಿತಾಂಶ ನೋಡಿ ಆರಿಸುವವರು ಆ ಹೆಸರನ್ನು ಮೊದಲೇ ತೆಗೆದುಹಾಕುತ್ತಿದ್ದರು. ಆ ಸೀಸನ್ ಲೆವರ್‌ಕುಸೆನ್ ಆರನೆಯದಾಗಿ ಮುಗಿಸಿತು. 2023-24ರಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಿತು. 1904ರಲ್ಲಿ ಹುಟ್ಟಿದ ಕ್ಲಬ್ಬಿಗೆ ಅದು ಮೊದಲ ಲೀಗ್ ಪ್ರಶಸ್ತಿ.

ಇದರಲ್ಲಿ ನನಗೆ ಮುಖ್ಯವೆನಿಸುವುದು ಅಲೊನ್ಸೊ ಪ್ರತಿಭೆಗಿಂತ ಅವರನ್ನು ಆರಿಸಿದವರ ಕಣ್ಣು. ಲೆವರ್‌ಕುಸೆನ್‌ನ ಕ್ರೀಡಾ ವಿಭಾಗದ ಹೊಣೆ ಹೊತ್ತಿದ್ದ ಸಿಮೋನ್ ರೋಲ್ಫೆಸ್ ಅದೇ ಕ್ಲಬ್ಬಿನ ನಾಯಕನಾಗಿ ಆಡಿದವರು. ಅಲೊನ್ಸೊ ಬಂದ ಮರುವರ್ಷ ಮೈದಾನದ ನಡುವೆ ದನಿ ಎತ್ತಿ ಆಡಿಸಬಲ್ಲ ಗ್ರಾನಿಟ್ ಶಾಕಾ ಅವರನ್ನು ಆರ್ಸೆನಲ್‌ನಿಂದ ತಂದರು. ಗೋಲ್‌ಕೀಪರ್ ಲುಕಾಸ್ ಹ್ರಾಡೆಕಿ ನಾಯಕನಾಗಿ ಮುಂದುವರಿದರು. ಹೊಸ ಕೋಚ್ ಬಂದರೆಂದು ಹಳೆಯ ನಾಯಕನನ್ನು ಪಕ್ಕಕ್ಕಿಡಲಿಲ್ಲ. ಲಿವರ್‌ಪೂಲ್ 2015ರಲ್ಲಿ ಯುರ್ಗನ್ ಕ್ಲಾಪ್ ಅವರನ್ನು ಕರೆತಂದಾಗಲೂ ಹೀಗೇ. ಅದರ ಹಿಂದಿನ ಸೀಸನ್ನಿನಲ್ಲಿ ಕ್ಲಾಪ್‌ರ ಡಾರ್ಟ್‌ಮಂಡ್ ಒಂದು ಹಂತದಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಕುಸಿದು, ಏಳನೆಯದಾಗಿ ಮುಗಿಸಿತ್ತು. ಲಿವರ್‌ಪೂಲ್‌ನಲ್ಲಿ ಅಂಕಿಅಂಶ ನೋಡುತ್ತಿದ್ದ ಇಯಾನ್ ಗ್ರಹಾಂ ಪಂದ್ಯ ಪಂದ್ಯವನ್ನೂ ಬಿಡಿಸಿ ನೋಡಿ, ತಂಡ ಸೃಷ್ಟಿಸಿದ ಅವಕಾಶಗಳಿಗೆ ಹೋಲಿಸಿದರೆ ಫಲಿತಾಂಶ ತೀರಾ ದುರದೃಷ್ಟದ್ದು ಎಂದು ತೋರಿಸಿದರು. ಅಂದರೆ ನಾಯಕತ್ವ ಶುರುವಾಗುವುದು ಆಯ್ಕೆ ಮಾಡುವವರ ಕುರ್ಚಿಯಲ್ಲಿ. ಅಲ್ಲಿ ಆಟ ಬಲ್ಲವರು ಒಬ್ಬರಾದರೂ ಇರದಿದ್ದರೆ, ಒಳ್ಳೆಯ ಕೋಚ್ ಎದುರಿಗೆ ಬಂದು ಕೂತರೂ ಗುರುತು ಸಿಗುವುದಿಲ್ಲ.

ನಮ್ಮ ಊರಿನ ಬೆಂಗಳೂರು ಎಫ್‌ಸಿಯನ್ನು ನಾನು ಮೊದಲ ವರ್ಷದಿಂದ ನೋಡುತ್ತಾ ಬಂದಿದ್ದೇನೆ. 2013ರಲ್ಲಿ ಶುರುವಾದ ಕ್ಲಬ್ಬನ್ನು ಆಶ್ಲಿ ವೆಸ್ಟ್‌ವುಡ್ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆಲ್ಲಿಸಿದರು. ಊಟ, ನಿದ್ದೆ, ಓಟ ಎಲ್ಲದರಲ್ಲೂ ಶಿಸ್ತು ತಂದರು. 2016ರಲ್ಲಿ ಬಂದ ಆಲ್ಬರ್ಟ್ ರೋಕಾ ಬಾರ್ಸಿಲೋನಾದಲ್ಲಿ ರೈಕಾರ್ಡ್ ಅವರಿಗೆ ಸಹಾಯಕರಾಗಿದ್ದವರು. ಅವರ ಜೊತೆ ಚೆಂಡನ್ನು ಇಟ್ಟುಕೊಂಡು ಆಡುವ ಆಟ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದಾಗ, ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಜೊಹೊರ್ ಆಗಿನ ಚಾಂಪಿಯನ್ ಬೇರೆ.

2018ರ ಮಾರ್ಚ್ 17ರಂದು ಅದೇ ಕಂಠೀರವದಲ್ಲಿ ಐಎಸ್‌ಎಲ್ ಫೈನಲ್. ಲೀಗ್ ಹಂತದಲ್ಲಿ ಮೊದಲ ಸ್ಥಾನದಲ್ಲಿದ್ದ ಬೆಂಗಳೂರು ಚೆನ್ನೈಯಿನ್ ಎದುರು 2-3ರಿಂದ ಸೋತಿತು. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಂದ ಎರಡು ಹೆಡರ್ ಗೋಲು ಹೊಡೆದರು. ಸ್ವಂತ ಊರಿನಲ್ಲಿ ಕಪ್ ಕೈತಪ್ಪಿದ ನೋವಿನಲ್ಲಿ ಎಲ್ಲವನ್ನೂ ಕೆಡವಿ ಕಟ್ಟುವ ಮಾತು ಸುಲಭವಾಗಿ ಬರಬಹುದಿತ್ತು. ಆ ಸೀಸನ್ ಮುಗಿದ ಮೇಲೆ ರೋಕಾ ಹೊರಟರು. ಕ್ಲಬ್ ಹೊರಗೆ ದೊಡ್ಡ ಹೆಸರು ಹುಡುಕದೆ, ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅವರಿಗೇ ತಂಡ ಒಪ್ಪಿಸಿತು. ಆ ಸೋಲನ್ನು ಬೆಂಚಿನಲ್ಲಿ ಕೂತು ನೋಡಿದವರು, ಡ್ರೆಸ್ಸಿಂಗ್ ರೂಮಿನ ಪ್ರತಿಯೊಬ್ಬರನ್ನೂ ಬಲ್ಲವರು. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಗೋವಾ ಎದುರು 117ನೆಯ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ತೆಗೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆಕೊಟ್ಟು ಕಪ್ ಗೆಲ್ಲಿಸಿದರು. ಹಿಂದಿನ ವರ್ಷ ಕಾರ್ನರ್‌ನಲ್ಲಿ ಕಳೆದುಕೊಂಡದ್ದು ಕಾರ್ನರ್‌ನಲ್ಲೇ ಸಿಕ್ಕಿತು. ಒಳಗಿನವರಿಗೆ ತಂಡ ಕೊಟ್ಟರೆ ಹಳೆಯ ಸೋಲಿನ ಪಾಠ ಬಾಗಿಲಾಚೆ ಹೋಗುವುದಿಲ್ಲ ಎಂದು ನಾನು ನಂಬಿದ್ದು ಆಗ.

2021ರ ಜನವರಿಯಲ್ಲಿ ಸತತ ಸೋಲುಗಳ ನಂತರ ಕ್ವಾದ್ರತ್ ಹೋದರು. ಆಮೇಲಿನ ಮೂರು ವರ್ಷಗಳೊಳಗೆ ನೌಷಾದ್ ಮೂಸಾ, ಮಾರ್ಕೊ ಪೆಜಾಯುಲಿ, ಸೈಮನ್ ಗ್ರೇಸನ್, ರೆನೆಡಿ ಸಿಂಗ್, ಜೆರಾರ್ಡ್ ಜರಗೋಜಾ ಬಂದರು. ಇಬ್ಬರು ಹಂಗಾಮಿ, ಮೂವರು ಮೂರು ಬಗೆಯ ಫುಟ್‌ಬಾಲ್ ನೆಲದವರು. ಇವರಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಆದರೆ ಪ್ರತಿಯೊಬ್ಬರೂ ಬಂದಾಗ ಹಿಂದಿನವರಿಗಾಗಿ ತಂದ ಆಟಗಾರರು ಉಳಿದಿರುತ್ತಾರೆ, ಅವರಿಗೆ ಹೊಸದಾಗಿ ಎಲ್ಲವನ್ನೂ ಕಲಿಸಬೇಕು. ಅದಕ್ಕೆ ಬೇಕಾದ ಸಮಯ ಯಾವ ಅಂಕಪಟ್ಟಿಯಲ್ಲೂ ಇರುವುದಿಲ್ಲ.

ತಾಳ್ಮೆ ಏನು ಕೊಡುತ್ತದೆ ಎಂಬುದನ್ನೂ ಅದೇ ಅವಧಿ ತೋರಿಸಿತು. 2022-23ರಲ್ಲಿ ಗ್ರೇಸನ್ ಕೈಯಲ್ಲಿ ಡ್ಯೂರಾಂಡ್ ಕಪ್ ಗೆದ್ದ ತಂಡ ಐಎಸ್‌ಎಲ್‌ನಲ್ಲಿ ಮಾತ್ರ ಅರ್ಧ ದಾರಿಯವರೆಗೆ ಕೆಳಗೇ ಇತ್ತು. ಕ್ಲಬ್ ಅವರನ್ನು ಕಳಿಸಲಿಲ್ಲ. ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನು ಸತತವಾಗಿ ಗೆದ್ದು, ನಾಲ್ಕನೆಯ ಸ್ಥಾನ ಪಡೆದು, ಫೈನಲ್ ತಲುಪಿ ಪೆನಾಲ್ಟಿಯಲ್ಲಿ ಸೋತರು. ಆ ಓಟದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಸುನಿಲ್ ಛೆಟ್ರಿ. ಆಗ ಭಾರತದ ನಾಯಕ, ಕ್ಲಬ್ಬಿನ ಮೊದಲ ದಿನದಿಂದ ಇದ್ದವರು, ಎಷ್ಟೋ ಪಂದ್ಯಗಳಲ್ಲಿ ಬೆಂಚಿನ ಮೇಲಿದ್ದರು. ರಾಯ್ ಕೃಷ್ಣ ಜೊತೆ ಎಳೆಯ ಶಿವಶಕ್ತಿ ನಾರಾಯಣನ್ ಮುಂದೆ ಆಡಿದರು. ಕೇರಳ ಬ್ಲಾಸ್ಟರ್ಸ್ ಎದುರಿನ ಪ್ಲೇಆಫ್‌ನಲ್ಲಿ ಬದಲಿಯಾಗಿ ಇಳಿದ ಛೆಟ್ರಿಯೇ ಹೆಚ್ಚುವರಿ ಸಮಯದ ಫ್ರೀಕಿಕ್‌ನಲ್ಲಿ ಗೋಲು ಹೊಡೆದರು. ಆ ಗೋಲು ಎಲ್ಲರಿಗೂ ನೆನಪಿದೆ. ನನಗೆ ನೆನಪಿರುವುದು ಅದಕ್ಕೆ ಮುಂಚಿನ ವಾರಗಳು. ಅಷ್ಟು ದೊಡ್ಡ ಆಟಗಾರ ಟ್ರ್ಯಾಕ್‌ಸೂಟ್ ತೊಟ್ಟು ಲೈನ್ ಪಕ್ಕ ನಿಂತಿದ್ದನ್ನು ಕಂಡ ಮೇಲೆ, ಇಪ್ಪತ್ತರ ಹುಡುಗ ತನ್ನನ್ನು ಕೂರಿಸಿದರೆಂದು ಮುನಿಸಿಕೊಳ್ಳುವುದು ಹೇಗೆ? ಕೋಚ್‌ನ ಅರ್ಧ ಕೆಲಸವನ್ನು ಇಂಥ ನಾಯಕ ಬಾಯಿಬಿಡದೆ ಮಾಡಿಕೊಡುತ್ತಾನೆ. ಮುಂದಿನ ಸೀಸನ್ನಿನ ಡಿಸೆಂಬರ್‌ನಲ್ಲಿ ಗ್ರೇಸನ್ ಕೂಡ ಹೋದರು. ಆ ಸಲ ತಂಡ ಹತ್ತನೆಯ ಸ್ಥಾನದಲ್ಲಿ ಮುಗಿಸಿತು.

ಚಿಕ್ಕ ಕ್ಲಬ್‌ಗಳಲ್ಲಿ ಇನ್ನೊಂದು ತೊಡಕಿದೆ. ಹನ್ನೊಂದು ಮಂದಿಯನ್ನು ಆರಿಸುವವರು ಯಾರು? ಕಾಗದದ ಮೇಲೆ ಕೋಚ್. ಆದರೆ ಪಂದ್ಯದ ಹಿಂದಿನ ರಾತ್ರಿ ದುಡ್ಡು ಕೊಡುವವರಿಂದ ಫೋನ್ ಬರುತ್ತದೆ. 'ನಮ್ಮ ಹುಡುಗನಿಗೂ ಒಂದು ಚಾನ್ಸ್ ಕೊಡಿ ಸರ್' ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಹುಡುಗರಿಗೆ ಇದು ಬೆಳಗಾಗುವಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಆ ಕೋಚ್ ಬೋರ್ಡಿನ ಮೇಲೆ ಏನು ಬರೆದರೂ ಯಾರೂ ಮನಸ್ಸಿಟ್ಟು ನೋಡುವುದಿಲ್ಲ. ಅಧಿಕಾರ ಕೊಡದೆ ನಾಯಕತ್ವ ಬೇಕೆನ್ನುವುದು ಅನ್ಯಾಯ, ಇದನ್ನು ನಾನು ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ.

ನಾನು ಕ್ಲಬ್ ಬಿಡುವ ಮುನ್ನ ನಡೆದ ಕೊನೆಯ ಆಯ್ಕೆಯಲ್ಲಿ, ಬಂದವರನ್ನು ಕಚೇರಿಯಲ್ಲಿ ಕೂರಿಸಿ ಪ್ರಶ್ನೆ ಕೇಳುವ ಬದಲು ಮೊದಲು ಪ್ರಾಕ್ಟೀಸ್ ನೋಡಲು ಕರೆದೆವು. ಹಿಂದಿನ ಗೆಲುವುಗಳ ಬಗ್ಗೆ ಯಾರನ್ನೂ ಕೇಳಲಿಲ್ಲ. 'ಈ ಹುಡುಗರನ್ನೇ ಇಟ್ಟುಕೊಂಡು ಮೊದಲ ತಿಂಗಳು ಏನು ಮಾಡುತ್ತೀರಿ?' ಎಂದಷ್ಟೇ ಕೇಳಿದೆವು. ಹೆಚ್ಚಿನವರು ಬೇಕಾದ ಹೊಸ ಆಟಗಾರರ ಪಟ್ಟಿ ಕೊಟ್ಟರು. ಒಬ್ಬರು ಮಾತ್ರ ನಮ್ಮ ಎರಡನೆಯ ಗೋಲ್‌ಕೀಪರ್ ಬಗ್ಗೆ ವಿಚಾರಿಸಿದರು. ಅವನು ಹಿಂದೆ ನಿಂತು ಡಿಫೆಂಡರ್‌ಗಳನ್ನು ಹೆಸರು ಹಿಡಿದು ಕೂಗಿ ಸರಿಪಡಿಸುತ್ತಿದ್ದನಂತೆ, ಮೊದಲನೆಯವನು ಕೂಗುತ್ತಿರಲಿಲ್ಲವಂತೆ. ನಾವು ಇದನ್ನು ಒಂದು ದಿನವೂ ಗಮನಿಸಿರಲಿಲ್ಲ. ತಮ್ಮ ಸಂಬಳದ ಮಾತಿಗೆ ಮುಂಚೆ ಅವರು ಫಿಸಿಯೋ ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದು ಕೇಳಿದರು. ತಂಡದ ಆಯ್ಕೆ ಕೋಚ್‌ನದೇ ಎಂದು ಪತ್ರದಲ್ಲಿ ಬರೆದುಕೊಡಬೇಕು ಎಂದರು. ಸಮಿತಿಯ ಹಿರಿಯರೊಬ್ಬರಿಗೆ ಅದು ಹಿಡಿಸಲಿಲ್ಲ. ಬಹಳ ಹೊತ್ತಿನ ಮಾತುಕತೆಯ ನಂತರ ಬರೆದುಕೊಟ್ಟೆವು. ಎರಡನೆಯ ಗೋಲ್‌ಕೀಪರ್ ಆ ಸೀಸನ್ನಿನ ಬಹುಪಾಲು ಪಂದ್ಯಗಳನ್ನು ಆಡಿದ. ನಾವು ಕಪ್ ಗೆಲ್ಲಲಿಲ್ಲ, ಕೆಳ ಡಿವಿಷನ್ನಿಗೂ ಇಳಿಯಲಿಲ್ಲ. ಮರುವರ್ಷ ಕೋಚ್ ಹುಡುಕುವ ಸಭೆ ನಡೆಯಲಿಲ್ಲ.